ಹುಳು ಸಾಕುವ ಮನೆಯಲ್ಲಿ ಹೊಲಿದ ಕೌದಿ

ರೇಷ್ಮೆ ಬೆಳೆಯುವ ಮನೆಯಲ್ಲಿ ಬೇರೆ ಯಾವ ಕೈಕೆಲಸ ಹಿಡಿದರೂ ಹುಳು ನಡುವೆ ಬಂದೇ ಬರುತ್ತದೆ. ನಮಗೆ ಮೂರು ಸಲ ಹೀಗಾಯಿತು. ಮೂರು ಸಲವೂ ತಪ್ಪು ಯಾರದೂ ಅಲ್ಲ.

ಆಗ ನಾನು ಚನ್ನಪಟ್ಟಣದ ಸುತ್ತಿನ ರೇಷ್ಮೆ ಬೆಳೆಗಾರರಿಗೆ ಸಲಹೆ ಹೇಳುವ ನೌಕರಿಯಲ್ಲಿದ್ದೆ. ರೇಷ್ಮೆಗೆ ಒಳ್ಳೆಯ ಕಾಲ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾಗಿದ್ದವು. ಮನೆಯೊಳಗೆ ಹುಳು, ಜಗಲಿಯಲ್ಲಿ ಮನುಷ್ಯರು. ಹೊಸದಾಗಿ ಮದುವೆಯಾದ ನಾವು ಅಕ್ಕೂರಿನಲ್ಲಿ ಒಬ್ಬ ಹೆಂಗಸಿನ ಮನೆಯ ಅರ್ಧ ಭಾಗದಲ್ಲಿ ಬಾಡಿಗೆಗಿದ್ದೆವು. ಆಕೆಯನ್ನು ಊರೆಲ್ಲ ದೊಡ್ಡವ್ವ ಅನ್ನುತ್ತಿತ್ತು.

ನನ್ನ ಹೆಂಡತಿಗೆ ಕೈಕೆಲಸದ ಹುಚ್ಚು. ಮಾಗಡಿಗೆ ಕೊಟ್ಟಿದ್ದ ನನ್ನ ಅಕ್ಕ ಒಮ್ಮೆ ಬಂದವಳು ಅರ್ಧ ಹೆಣೆದ ಸ್ವೆಟರು, ಅರ್ಧ ಕಟ್ಟಿದ ಮಣಿಯ ತೋರಣ ಎಲ್ಲ ನೋಡಿ, "ನಿನ್ನ ಕೈಯಲ್ಲಿ ಶುರುವಾಗೋದು ಬಹಳ ಕಣಮ್ಮ, ಮುಗಿಯೋದು ಒಂದೂ ಇಲ್ಲ" ಅಂದಳು. ಅವಳು ಹೋದ ಮೇಲೆ ಹೆಂಡತಿ ನನಗೆ ಹೇಳಿದಳು: "ಒಂದಾದರೂ ಮುಗಿಸಿ, ಅತ್ತಿಗೆ ಬಾಯಲ್ಲೇ ಒಪ್ಪಿಸ್ತೀನಿ, ನೋಡ್ತಿರಿ."

ಮೇಜು

ಮೊದಲು ಹಿಡಿದದ್ದು ಮೇಜು. ಅದಕ್ಕೆ ನೀಲಿ ಬಣ್ಣ ಹಚ್ಚಬೇಕೆಂದು ಡಬ್ಬಿಯ ಮುಚ್ಚಳ ತೆಗೆದಳು. ವಾಸನೆಗೆ ದೊಡ್ಡವ್ವ ಓಡಿ ಬಂದರು. "ಮುಚ್ಚವ್ವ, ಮುಚ್ಚು. ಈ ವಾಸ್ನೆಗೆ ನನ್ನ ಹುಳ ಒಂದೂ ಉಳಿಯಾಕಿಲ್ಲ."

ಅವರು ಹೇಳಿದ್ದು ಸರಿ. ಅದೇ ಮಾತನ್ನು ಊರೂರಿಗೆ ಹೇಳಿಕೊಂಡು ತಿರುಗುವುದಕ್ಕೇ ನನಗೆ ಸಂಬಳ. ವಾಸನೆ ಬಾರದ ಬಣ್ಣವೆಂದರೆ ಬೊಂಬೆಯ ಅರಗಿನ ಬಣ್ಣ ಎಂದುಕೊಂಡು ಚನ್ನಪಟ್ಟಣದ ಬೊಂಬೆ ಮಾಡುವ ಸಾಹೇಬರ ಹತ್ತಿರ ಮೇಜು ಹೊತ್ತೊಯ್ದೆವು. ಅವರು ಮೇಜಿನ ಸುತ್ತ ಎರಡು ಸಲ ನಡೆದರು.

"ಇದು ತಿರುಗಲ್ವಲ್ಲ ಸಾರ್."

"ಮೇಜು ಯಾಕೆ ತಿರುಗಬೇಕು?"

"ಲೇತಲ್ಲಿ ತಿರುಗೋ ಮರಕ್ಕೇ ಸಾರ್ ಅರಗು ಹತ್ತೋದು. ಕಾಲು ಬಿಚ್ಚಿ ಕೊಡಿ, ಅದು ತಿರುಗುತ್ತೆ."

ವಾರದ ಮೇಲೆ ಕೆಂಪು, ಹಳದಿ, ಹಸಿರು ಬಳೆ ತೊಟ್ಟ ನಾಲ್ಕು ದುಂಡು ಕಾಲು ಬಂದವು. ಮೇಲಿನ ಹಲಗೆ ಹೇಗಿತ್ತೋ ಹಾಗೇ ಉಳಿಯಿತು. ಮನೆಗೆ ಬಂದವರು ಮೊದಲು ಬಗ್ಗಿ ಮೇಜಿನ ಕೆಳಗೆ ನೋಡಿ, ಆಮೇಲೆ ನಮ್ಮ ಯೋಗಕ್ಷೇಮ ಕೇಳುತ್ತಿದ್ದರು.

ಚಿತ್ರ

ಆಮೇಲೆ ಪೆನ್ಸಿಲು ಹಿಡಿದಳು. ದೊಡ್ಡವ್ವನ ಚಿತ್ರ ಬರೆಯುವುದೆಂದಾಯಿತು. ಅವರೂ ತಲೆ ಬಾಚಿ ಹೂ ಮುಡಿದು ಬಂದು ಕೂತರು. ಆದರೆ ಹುಳು ಕೊನೆಯ ಹಂತದಲ್ಲಿದ್ದವು. ಎಷ್ಟು ಸೊಪ್ಪು ಹಾಕಿದರೂ ಸಾಲದು. "ಒಸಿ ಇರವ್ವ, ಬಂದೆ" ಅಂತ ಎದ್ದು ಹೋಗುವರು, ಬಂದು ಕೂರುವರು, ಮತ್ತೆ ಏಳುವರು. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ದೊಡ್ಡವ್ವ ಚಿತ್ರ ತೋರಿಸೆಂದರು. ಸೊಪ್ಪಿನ ಮಂಕರಿ ಹೊತ್ತು ಒಳಗೆ ಹೋಗುತ್ತಿರುವ ಹೆಂಗಸಿನ ಬೆನ್ನು, ತುರುಬು, ಹಿಮ್ಮಡಿ ಬಹಳ ಚೆನ್ನಾಗಿ ಬಂದಿದ್ದವು.

"ಮಕ ಎಲ್ಲವ್ವ?"

"ನೀವು ನನಗೆ ತೋರಿಸಿದ್ದು ಇಷ್ಟೇ ದೊಡ್ಡವ್ವ."

ದೊಡ್ಡವ್ವ ಬೆಳಕಿಗೆ ಹಿಡಿದು ನೋಡಿದರು. "ಮಕ ಕನ್ನಡೀಲಿ ದಿನಾ ಕಾಣ್ತದೆ. ಬೆನ್ನ ನಾನು ನೋಡೇ ಇರ್ನಿಲ್ಲ. ಇದ್ನ ಕೊಡವ್ವ, ಮಡೀಕತೀನಿ."

ಕೌದಿ

ಅಷ್ಟರಲ್ಲಿ ಅಕ್ಕ ಹೆರಿಗೆಗೆಂದು ಕನಕಪುರದ ನಮ್ಮ ತಾಯಿಯ ಮನೆಗೆ ಬಂದಿದ್ದಳು. ಮಗುವಿಗೆ ಕೌದಿ ಹೊಲಿಯುತ್ತೇನೆಂದು ಹೆಂಡತಿ ಕೂತಳು. ದೊಡ್ಡವ್ವನ ಹಳೆಯ ಸೀರೆಗಳು ಒಳಪದರಕ್ಕೆ, ಬಣ್ಣದ ಚೌಕಗಳು ಮೇಲಕ್ಕೆ. ಈ ಸಲ ಕೆಲಸ ನಿಲ್ಲಲಿಲ್ಲ. ಮಗು ಹುಟ್ಟಿದ ಸುದ್ದಿ ಬರುವ ಹೊತ್ತಿಗೆ ಕೊನೆಯ ಗಂಟು ಹಾಕಿದ್ದಳು. ಒಗೆದು ಜಗಲಿಯ ಮೇಲೆ ಹರವಿದಳು.

ಆ ವಾರ ಊರಿನ ಹುಳುವೆಲ್ಲ ಒಟ್ಟಿಗೆ ಹಣ್ಣಾದವು. ಹಣ್ಣಾದ ಹುಳುವನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಟ್ಟರೆ ಅದು ಗೂಡು ಕಟ್ಟುತ್ತದೆ. ಆದರೆ ಸಾಲ ಕೇಳೋಣವೆಂದರೂ ಯಾರ ಮನೆಯಲ್ಲೂ ಚಂದ್ರಿಕೆ ಉಳಿದಿರಲಿಲ್ಲ. ದೊಡ್ಡವ್ವ ಮಿಕ್ಕ ಹುಳುಗಳನ್ನು ಜಗಲಿಯಲ್ಲೇ ಒಣಹುಲ್ಲಿನ ಮೇಲೆ ಬಿಟ್ಟರು. ಬೆಳಿಗ್ಗೆ ನೋಡಿದರೆ ಮೂವತ್ತು ನಲವತ್ತು ಹುಳು ಹುಲ್ಲು ಬಿಟ್ಟು ಕೌದಿಯ ಮಡಿಕೆಗಳಲ್ಲಿ ಕೂತು ನೂಲು ಬಿಡುತ್ತಿದ್ದವು. ಹೆಂಡತಿ ಕೊಡವಲು ಕೈ ಹಾಕಿದಳು.

"ಮುಟ್ಬ್ಯಾಡ ಕಣವ್ವ" ಅಂದರು ದೊಡ್ಡವ್ವ. "ಗೂಡು ಕಟ್ಟೋವಾಗ ಅಲ್ಲಾಡಿಸ್ಬಾರ್ದು."

"ಮಗುವಿನ ನಾಮಕರಣಕ್ಕೆ ಬೇಕಲ್ಲ ದೊಡ್ಡವ್ವ."

"ಅದ್ಕಿನ್ನೂ ಹನ್ನೆಲ್ಡು ದಿನ ಐತೆ. ಇವು ಆರೇ ದಿನ. ನಿನ್ನ ಸೂಜಿಗಿಂತ ಬಿರ್ರನೆ ಮುಗಿಸ್ತವೆ."

ಆರು ದಿನ ಹೆಂಡತಿ ಇರುವೆ, ಕೋಳಿ ಹತ್ತಿರ ಬಾರದಂತೆ ಕಾವಲು ಕೂತಳು. ಏಳನೆಯ ದಿನ ದೊಡ್ಡವ್ವ ಗೂಡುಗಳನ್ನು ಬಿಡಿಸಿಕೊಂಡರು. ನಾನು ಕೌದಿಯ ಎರಡೂ ಮಗ್ಗುಲು ತಡವಿ, ಈ ವಿಷಯ ಬಲ್ಲವನ ಗತ್ತಿನಲ್ಲಿ, "ಒಂದೂ ಉಳಿದಿಲ್ಲ" ಎಂದೆ.

ನಾಮಕರಣ

ಕನಕಪುರದಲ್ಲಿ ಅಕ್ಕ ಕೌದಿಯ ಅಂಚು ಮಗುಚಿ ಹೊಲಿಗೆ ನೋಡಿದಳು.

"ಚೆನ್ನಾಗಿದೆ. ಎಲ್ಲಿ ಕೊಂಡೆ?"

"ನಾನೇ ಹೊಲಿದೆ ಅತ್ತಿಗೆ."

"ಪೂರ್ತಿ ಮುಗಿದಿದೆಯಲ್ಲಮ್ಮ. ಇರಲಿ ಬಿಡು, ಕೊಂಡು ತಂದರೂ ಪ್ರೀತಿಯಿಂದಲೇ ತಂದಿದೀಯ."

ನಾನು ಸಾಕ್ಷಿ ಹೇಳಿದೆ. "ನೀನು ಸುಮ್ಮನಿರೋ, ಹೆಂಡತಿ ಪರ ಹೇಳದೆ ಇನ್ನೇನು ಹೇಳ್ತೀಯ" ಅಂದಳು. ಹೆಂಡತಿಯ ಕಣ್ಣು ತುಂಬಿದ್ದು ನನಗೆ ಕಂಡಿತು.

ಕೌದಿಯನ್ನು ಮಡಿಸಿ ತೊಟ್ಟಿಲಿಗೆ ಹಾಸಿ ಮಗುವನ್ನು ಮಲಗಿಸಿದರು. ನಮ್ಮ ತಾಯಿ ಹೆಸರು ಹೇಳಲು ಮಗುವಿನ ಕಿವಿಯ ಹತ್ತಿರ ಬಗ್ಗಿದವರು ಹಾಗೇ ನಿಂತುಬಿಟ್ಟರು. ಕೌದಿಯ ಮೂಲೆಯ ಮಡಿಕೆಯಿಂದ ಒಂದು ಬಿಳಿಯ ಚಿಟ್ಟೆ, ರೆಕ್ಕೆ ಇನ್ನೂ ಒದ್ದೆ, ತೆವಳಿಕೊಂಡು ಬಂದು ಮಗುವಿನ ಮುಷ್ಟಿಯ ಮೇಲೆ ಕೂತು ಪಟಪಟ ನಡುಗತೊಡಗಿತು. ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಯಾರೋ ನನ್ನ ಕಡೆ ನೋಡಿದರು; ನಾನು ಗೋಡೆಯ ಕಡೆ ನೋಡಿದೆ.

ಅಕ್ಕ ಚಿಟ್ಟೆಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಮೂಲೆಯ ಮಡಿಕೆ ಬಿಡಿಸಿದಳು. ಎರಡು ಚೌಕಗಳ ನಡುವೆ, ಹೊಲಿಗೆ ಹಾಕಲು ಮರೆತ ಒಂದು ಬೆರಳಗಲದ ಸಂದಿನಲ್ಲಿ, ತೂತಾದ ಗೂಡಿತ್ತು. ಅದನ್ನು ನೋಡಿದಳು, ನನ್ನ ಹೆಂಡತಿಯನ್ನು ನೋಡಿದಳು.

"ಅಂಗಡಿಯವರು ಇಷ್ಟು ಜಾಗ ಬಿಡಲ್ಲ" ಅಂದಳು. "ಒಪ್ಪಿದೆ ಕಣೇ, ನೀನೇ ಹೊಲಿದಿದೀಯ."