ಫ್ಲಾಸ್ಕಿನಲ್ಲಿ ಬಸ್ಸಾರು

ಊಟದ ವಿಷಯದಲ್ಲಿ ನನಗೆ ಆದಷ್ಟು ಫಜೀತಿ ಇನ್ಯಾರಿಗೂ ಆಗಿರಲಿಕ್ಕಿಲ್ಲ. ಎಪ್ಪತ್ತರ ದಶಕದಲ್ಲಿ ಸಿರಾ, ಪಾವಗಡದ ಕಡೆ ಕುರಿಗಳಿಗೆ ಲಸಿಕೆ ಹಾಕುತ್ತಾ ಅಲೆಯುತ್ತಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಯಾವಾಗ ಬೇಕಾದರೂ ಹೋಗಬಹುದಿತ್ತು. ಆದರೆ ಒಂದು ದಿನವೂ ಉಪವಾಸ ಬಿದ್ದವನಲ್ಲ. ಆ ಊರುಗಳ ತಾಯಂದಿರ ಹೊಟ್ಟೆ ತಣ್ಣಗಿರಲಿ!

ಬಸ್ಸಿನ ಬುತ್ತಿ

ಮಧುಗಿರಿಯಲ್ಲಿ ಬಸ್ಸು ಹತ್ತಿ ನಿದ್ದೆ ಹೋದೆ. ಎದ್ದು ನೋಡಿದರೆ ಪಕ್ಕದ ಹೆಂಗಸು ನನ್ನ ಬುತ್ತಿಯನ್ನೇ ಬಿಚ್ಚಿ ಉಣ್ಣುತ್ತಿದ್ದಾಳೆ. ಅವಳ ಗಂಟೂ ನನ್ನದೂ ಒಂದೇ ಥರ ಇದ್ದವು.

"ಅಯ್ಯೋ ನಿಂದಾ! ಚಟ್ನಿಗೆ ಉಪ್ಪು ಕಮ್ಮಿ ಅನ್ನಿಸ್ದಾಗ್ಲೇ ಅನುಮಾನ ಬಂತು ಕಣಪ್ಪ" ಎಂದು ನಾಚಿ, ಮಗಳಿಗೆಂದು ಒಯ್ಯುತ್ತಿದ್ದ ಒಬ್ಬಟ್ಟನ್ನೆಲ್ಲ ನನಗೇ ತಿನ್ನಿಸಿದಳು.

ನಮ್ಮೂರು ಕೊರಟಗೆರೆಗೆ ಹೋದಾಗ, ಬುತ್ತಿ ಕಟ್ಟಿಕೊಟ್ಟಿದ್ದ ಅಮ್ಮನಿಗೆ ಹೇಳಿದೆ. ಒಬ್ಬಟ್ಟಿನ ಸುದ್ದಿ ಅವಳ ಕಿವಿಗೇ ಬೀಳಲಿಲ್ಲ. "ಉಪ್ಪು ಕಮ್ಮಿ ಅಂದ್ಲಾ? ಯಾವೂರೋಳು ಅವ್ಳು? ಆ ಊರಿಂದ ಮಾತ್ರ ಹೆಣ್ಣು ತರಬೇಡ!"

ಮೂರು ಮನೆ ಮುದ್ದೆ

ಹುಲಿಕುಂಟೆ ಕಡೆಯ ಒಂದು ಹಟ್ಟಿ. ಮೊದಲನೇ ಮನೆಯಲ್ಲಿ ಮುದ್ದೆ ಉಂಡೆ. ಎರಡನೇ ಮನೆಯಲ್ಲಿ ಬೇಡ ಎಂದರೆ ಯಜಮಾನನಿಗೆ ಸಿಟ್ಟು: "ಅವ್ರ ಮನೇಲಿ ಉಂಡು, ನಮ್ಮನೇಲಿ ಉಣ್ಣಲ್ವಾ? ನಮ್ ಕುರಿ ಮುಟ್ಟಬ್ಯಾಡ ಬುಡು." ಕುರಿ ಬಿಟ್ಟುಹೋದರೆ ಮೇಲಿನವರಿಗೆ ಲೆಕ್ಕ ಕೊಡೋದು ಹೆಂಗೆ? ಉಂಡೆ. ಮೂರನೇ ಮನೆಯಲ್ಲೂ ಉಂಡು ಜಗುಲಿಯ ಮೇಲೆ ಅಂಗಾತ ಬಿದ್ದುಕೊಂಡೆ.

ಮನೆಯೊಡತಿ ಗಂಡನಿಗೆ ಕೂಗಿ ಹೇಳಿದಳು: "ಕುರಿ ಆಮ್ಯಾಕಾಗ್ಲಿ, ಮೊದ್ಲು ಈ ವಯ್ಯಂಗೆ ಒಂದು ಸೂಜಿ ಹಾಕ್ಸು!"

ಅಜ್ಜಿಯ ಉಪಚಾರ

ಲಸಿಕೆಯ ಶೀಶೆಗಳನ್ನು ಫ್ಲಾಸ್ಕಿನಲ್ಲಿ ಐಸ್ ತುಂಬಿ ಒಯ್ಯಬೇಕು. ಐಸ್ ಇಲ್ಲದೆ ಸಿಕ್ಕಿಬಿದ್ದರೆ ಕೆಲಸವೂ ಇಲ್ಲ ಅಂತ ನಮ್ಮ ಮೇಲಧಿಕಾರಿ, ದನದ ಡಾಕ್ಟರು, ಮೊದಲೇ ಹೇಳಿದ್ದರು.

ನಿಡುಗಲ್ಲಿನ ಹತ್ತಿರ ಒಬ್ಬ ಅಜ್ಜಿ, "ತಿನು ನಾಯನಾ", ಉಣ್ಣಪ್ಪಾ, ಅಂತ ತೆಲುಗಿನಲ್ಲಿ ಕರೆದು ಕೂರಿಸಿ ಬಡಿಸಿದಳು. ಉಂಡು ಕೈ ತೊಳೆಯುವ ಹೊತ್ತಿಗೆ ಡಾಕ್ಟರ ಜೀಪು ಬಂದು ನಿಂತಿತು. ಇಳಿದವರೇ ನನ್ನ ಫ್ಲಾಸ್ಕಿನ ಮುಚ್ಚಳ ತೆಗೆದರು. ಗಮ್ಮೆಂದು ಹಬೆ ಎದ್ದು ಅವರ ಕನ್ನಡಕ ಮಂಜಾಯಿತು. ಒಳಗೆ ಬಿಸಿಬಿಸಿ ಬಸ್ಸಾರು!

ನಾನು ಅಜ್ಜಿಯ ಕಡೆ ತಿರುಗಿದೆ. "ಅಜ್ಜೀ, ಏನು ಮಾಡಿದೆ?"

"ಪಾಪ, ಬರೀ ತಣ್ಣೀರು ಕುಡ್ಕಂಡು ತಿರುಗ್ತಾನೆ ಅಂತ ಅದ್ನ ಚೆಲ್ಬುಟ್ಟು, ದಾರಿಗೆ ಸಾರು ತುಂಬಿವ್ನಿ."

"ಶೀಶೆಗಳು?"

"ತಣ್ಣಗಿದ್ವು. ಅಂಗೇ ಇರ್ಲಿ ಅಂತ ನೀರಿನ ಗಡಿಗೇಲಿ ಬುಟ್ಟಿವ್ನಿ."

ಡಾಕ್ಟರು ಶೀಶೆ ಮುಟ್ಟಿ ನೋಡಿದರು. ತಣ್ಣಗೇ ಇದ್ದವು, ಮುಚ್ಚಳವೂ ಭದ್ರ. ನನ್ನ ಕಡೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅವರ ಕೈ ಹಿಡಿದಳು: "ಸಾರು ಮೂಸ್ತಾ ನಿಂತ್ರೆ ಹೊಟ್ಟೆ ತುಂಬ್ತದಾ ಸಾಮಿ? ಮುದ್ದೆ ಐತೆ, ಕುಂತ್ಕಳಿ."

ಎರಡು ಮುದ್ದೆ ಇಳಿದವು. ಡಾಕ್ಟರು ಬೈಯಲಿಲ್ಲ. ಜೀಪಿನಲ್ಲಿದ್ದ ಐಸ್ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, ಸಾರಿನ ಫ್ಲಾಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು.

ಆ ಅಜ್ಜಿಯನ್ನು ನೆನೆದರೆ ಇವತ್ತಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ. ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಯಿತು. ಫ್ಲಾಸ್ಕ್ ಮಾತ್ರ ವಾಪಸ್ ಬರಲಿಲ್ಲ.