ಭಾವ ತಂದ ಐರ್ಲೆಂಡಿನ ಗಂಡು

ಆ ಶುಕ್ರವಾರ ಬೆಳಗ್ಗೆ ನಾನು ಮಾಡಿದ ಕೆಲಸಗಳು ಇಷ್ಟು. ಹಿಂದಿನ ದಿನದ ಧೂಳುಗಾಳಿ ಕಿಟಕಿಯ ಸಂದಿಯಲ್ಲಿ ಬಿಟ್ಟುಹೋದ ಮರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎಸಿಯ ಜಾಲರಿ ತೊಳೆದೆ. ಕೋಳಿ ಸಾರಿಗೆ ತೆಂಗಿನಕಾಯಿ ತುರಿದೆ. ಮಗಳ ತಲೆಗೆ ಎಣ್ಣೆ ಹಚ್ಚಿ ಬೈಸಿಕೊಂಡೆ. ಸೋಫಾ ಗೋಡೆಗೆ ಸರಿಸಿ ನಡುಮನೆಯಲ್ಲಿ ಎರಡು ಮಣೆ ಹಾಕಿದೆ. ಆಮೇಲೆ, ಈ ಲೋಕದಲ್ಲಿಲ್ಲದ ನಮ್ಮ ಹುಡುಗಿಯನ್ನು ಈ ಲೋಕದಲ್ಲಿಲ್ಲದ ಐರ್ಲೆಂಡಿನ ಹುಡುಗನಿಗೆ ಧಾರೆ ಎರೆದು ಕೊಟ್ಟೆವು. ಕೊನೆಯದಕ್ಕೆ ಮಾತ್ರ ನಾನು ಹೊಣೆಯಲ್ಲ. ಅದರ ಪೂರ್ತಿ ಕೀರ್ತಿ ನಮ್ಮ ಭಾವನಿಗೆ ಸಲ್ಲಬೇಕು.

ನನ್ನ ಗಂಡನ ಈ ಅಣ್ಣನಿಗೆ ಬದುಕಿರುವವರಿಗಿಂತ ಸತ್ತವರ ಜೊತೆಗೇ ಸಲಿಗೆ ಹೆಚ್ಚು. ನಾವೆಲ್ಲ ದುಡಿಯಲು ಬಂದಿರುವ ಈ ಕೊಲ್ಲಿ ದೇಶದಲ್ಲಿ, ಶುಐಬಾದ ಕಾರ್ಖಾನೆಯಲ್ಲಿ ಪಂಪು ರಿಪೇರಿ ಮಾಡುವ ಮನುಷ್ಯ. ಹೋಟೆಲಿಗೆ ಒಬ್ಬರೇ ಹೋದರೂ ಎರಡು ತಟ್ಟೆ ತರಿಸುತ್ತಾರೆ.

"ಇನ್ನೊಬ್ಬರು ಯಾವಾಗ ಬರ್ತಾರೆ ಸಾರ್?" ಎಂದು ಹೋಟೆಲಿನವನು ಒಮ್ಮೆ ಕೇಳಿದ್ದ.

"ಬಂದು ಕೂತಾಯ್ತಲ್ಲ ಮಾರಾಯ" ಎಂದರು ಭಾವ.

ಅಂದಿನಿಂದ ಆ ಮೇಜಿಗೆ ಬೇರೆ ಯಾರನ್ನೂ ಕೂರಿಸುವುದಿಲ್ಲವಂತೆ. ಶುಕ್ರವಾರ ಮಧ್ಯಾಹ್ನ ಕುರ್ಚಿ ಸಿಗದ ಊರಿನಲ್ಲಿ ಇದೇನು ಸಣ್ಣ ಲಾಭವೇ?

ಇದಕ್ಕೆಲ್ಲ ಒಂದು ಕಾರಣ ಉಂಟು. ಭಾವನಿಗೂ ನನ್ನ ಗಂಡನಿಗೂ ನಡುವೆ ಒಬ್ಬಳು ಹುಡುಗಿಯಿದ್ದಳು. ಚಿಕ್ಕಂದಿನಲ್ಲೇ ಜ್ವರ ಬಂದು ಹೋದಳು. ನಮ್ಮ ತುಳುನಾಡಿನಲ್ಲಿ ಹಾಗೆ ಹೋದ ಮಕ್ಕಳು ಮಕ್ಕಳಾಗಿಯೇ ಉಳಿಯುವುದಿಲ್ಲ. ಕುಲೆಯಾಗಿ, ಅಂದರೆ ಪ್ರೇತವಾಗಿ, ನಮ್ಮ ಕಣ್ಣಿಗೆ ಕಾಣದ ಕಡೆ, ನಮ್ಮಂತೆಯೇ ಬೆಳೆಯುತ್ತಾರೆ. ವಯಸ್ಸಿಗೆ ಬಂದಾಗ ಅದೇ ರೀತಿ ತೀರಿಹೋದ ಇನ್ನೊಂದು ಮನೆಯ ಮಗುವಿನ ಜೊತೆ ಮದುವೆ ಮಾಡಿಸಬೇಕು. ಸೀರೆ, ಬಳೆ, ಊಟ ಎಲ್ಲವೂ ಇರುತ್ತದೆ. ಇಲ್ಲದಿರುವುದು ಇಬ್ಬರೇ.

ನಮ್ಮ ಹುಡುಗಿಗೆ ಮಾತ್ರ ಸಂಬಂಧ ಕೂಡಿ ಬರಲೇ ಇಲ್ಲ. ಬಂದವೆಲ್ಲ ಒಂದೋ ಬಳಿ, ಅಂದರೆ ಗೋತ್ರ, ಒಂದೇ ಆಗಿ ತಪ್ಪಿದವು, ಇಲ್ಲವೇ ಆ ಕಡೆಯವರ ಮನಸ್ಸು ತಿರುಗಿ ತಪ್ಪಿದವು. "ತಂಗಿಯ ಮದುವೆ ದಾಟದೆ ನಾನು ಹಸೆಮಣೆ ಏರುವುದಿಲ್ಲ" ಎಂದು ಭಾವ ಕೂತುಬಿಟ್ಟರು. ಮದುವೆ ತಪ್ಪಿಸಿಕೊಳ್ಳಲು ಇಷ್ಟು ಗಟ್ಟಿಯಾದ ನೆಪ ಬೇರೆ ಯಾವ ಗಂಡಸಿಗೂ ಹೊಳೆದಿರಲಾರದು ಎಂದು ನಾವು ನಗುತ್ತಿದ್ದೆವು. ಅತ್ತೆ ನಗುತ್ತಿರಲಿಲ್ಲ. ವಿಸಿಟ್ ವೀಸಾದಲ್ಲಿ ಸಾಲ್ಮಿಯಾದ ನಮ್ಮ ಮನೆಗೆ ಬಂದವರು ಮಂಚದ ಅಂಚಿನಲ್ಲಿ, ಬಿದ್ದಾರೋ ಎಂಬಂತೆ ಮಲಗುತ್ತಿದ್ದರು. ಗೋಡೆಯ ಕಡೆಯ ಅರ್ಧ ಖಾಲಿ. ನನ್ನ ಮಗಳು ದಿಂಬು ಹಿಡಿದು ಹೋದರೆ, "ಜಾಗ ಇಲ್ಲ ಪುಟ್ಟಾ" ಎಂದು ವಾಪಸು ಕಳಿಸುತ್ತಿದ್ದರು.

ಹೀಗಿರುವಾಗ ಭಾವನನ್ನು ಕಂಪನಿ ಪಂಪಿನ ತರಬೇತಿಗೆಂದು ಐರ್ಲೆಂಡಿಗೆ ಕಳಿಸಿತು. ಮೊದಲ ರಜೆಯ ದಿನವೇ ಹಳ್ಳಿಗಾಡಿನಲ್ಲಿ ಭೂತ ತೋರಿಸುವ ಬಸ್ಸು ಹೊರಡುತ್ತದೆಂದು ತಿಳಿದು ಭಾವ ಮುಂದಿನ ಸೀಟಿನಲ್ಲೇ ಹೋಗಿ ಕೂತರು. ಅಲ್ಲಿಯ ಬೇಸಿಗೆಯಲ್ಲಿ ಊಟದ ಹೊತ್ತು ಕಳೆದರೂ ಬಿಸಿಲು ಹೋಗುವುದಿಲ್ಲವಂತೆ. ಆ ಢಾಳಾದ ಬೆಳಕಿನಲ್ಲಿ ಗೈಡು ಕರಿ ನಿಲುವಂಗಿ ತೊಟ್ಟು ಲಾಂದ್ರ ಹಿಡಿದು ನಿಂತಿದ್ದ.

ಮೊದಲ ನಿಲ್ದಾಣ ಒಂದು ಪಾಳು ಕೋಟೆ. ಅಲ್ಲಿ ತಲೆಯಿಲ್ಲದ ಸರದಾರನೊಬ್ಬ ಓಡಾಡುತ್ತಾನೆ ಎಂದು ಗೈಡು ನಡುಗುವ ದನಿಯಲ್ಲಿ ಹೇಳಿದ. ಬಸ್ಸಿನ ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಭಾವ ಕೈ ಎತ್ತಿದರು.

"ಇವನಿಗೆ ವರ್ಷಕ್ಕೊಮ್ಮೆ ಬಡಿಸುವುದು ಯಾರು?"

"ಬಡಿಸುವುದಾ? ಅವನಿಗೆ ತಲೆಯೇ ಇಲ್ಲ ಸ್ವಾಮಿ."

"ಹಾಗಾದರೆ ಗಂಜಿ ಸಾಕು" ಎಂದರು ಭಾವ.

ಮುಂದೆ ಹೊಲದ ನಡುವೆ ಒಂದು ಒಂಟಿ ಮುಳ್ಳಿನ ಮರ. ಅದನ್ನು ಕಡಿಯಲು ಊರಿನವರು ಹೆದರುತ್ತಾರೆ, ಹರಕೆ ಹೊತ್ತು ಕೊಂಬೆಗೆ ಬಟ್ಟೆ ಕಟ್ಟುತ್ತಾರೆ ಎಂದ ಗೈಡು. ಭಾವ ಬೂಟು ಕಳಚಿ ಕೈಮುಗಿದರು. ಇದೂ ಕಾರ್ಯಕ್ರಮದ ಭಾಗವಿರಬೇಕು ಎಂದುಕೊಂಡು ಇಡೀ ಬಸ್ಸೇ ಬೂಟು ಬಿಚ್ಚಿತು. ಆ ಊರಿನ ಕೆಸರಿನಲ್ಲಿ ಅವುಗಳನ್ನು ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಗೈಡಿನ ಮುಖ ಲಾಂದ್ರಕ್ಕಿಂತ ಕೆಂಪಾಗಿತ್ತಂತೆ.

ಕೊನೆಯದು ಸರೋವರದ ಹಾದಿ. ದೋಣಿ ಮಗುಚಿ ಮುಳುಗಿಹೋದ ತರುಣನೊಬ್ಬ ಸಂಜೆಯಾದರೆ ಅಲ್ಲಿ ನಡೆಯುತ್ತಾನಂತೆ, ನಿಟ್ಟುಸಿರು ಕೇಳಿಸುತ್ತದಂತೆ. ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ ಭಾವನ ದನಿ ಬಂತು.

"ಮದುವೆ ಆಗಿತ್ತಾ?"

"ಇಲ್ಲ."

"ಮತ್ತೆ ನಿಟ್ಟುಸಿರು ಬಿಡದೆ ಏನು ಮಾಡಬೇಕು ಅವನು? ಮನೆಯವರು ಎಲ್ಲಿದ್ದಾರೆ?"

ಗೈಡು ಸುಸ್ತಾಗಿ ಬಸ್ಸು ನಿಲ್ಲುವಲ್ಲಿದ್ದ ಚಹಾ ಅಂಗಡಿಯತ್ತ ಕೈ ತೋರಿಸಿದ. ಅಂಗಡಿಯ ಮುದುಕಿಯೇ ಆ ಹುಡುಗನ ಅಕ್ಕ. ಭಾವ ಚಹಾ ತರಿಸಿಕೊಂಡು, ಊರಿನಲ್ಲಿ ಹೆಣ್ಣಿನ ಕಡೆಯವರು ಕೂರುವ ಗತ್ತಿನಲ್ಲೇ ಕೂತು, ಮೊದಲು ಹುಡುಗನ ಹೆಸರು ಕೇಳಿದರು. ಬಸ್ಸಿನಲ್ಲಿ ಬರುವವರು ಯಾರೂ ಆವರೆಗೆ ಅದನ್ನು ಕೇಳಿರಲಿಲ್ಲವಂತೆ. ಆಕೆ ಹೆಸರು ಹೇಳಿ ಎದುರಿನ ಕುರ್ಚಿ ಎಳೆದುಕೊಂಡಳು. ಭಾವ ತಂಗಿಯ ವಿಷಯ ತೆಗೆದರು. ಬಸ್ಸು ಎಷ್ಟು ಹಾರನ್ ಹೊಡೆದರೂ ಇಬ್ಬರೂ ಏಳಲಿಲ್ಲ.

ಅಂದೇ ನಮ್ಮ ಮನೆಗೆ ಫೋನು ಬಂತು. ಅತ್ತೆಗೂ ಕೇಳಲೆಂದು ನಾನು ಸ್ಪೀಕರ್ ಹಾಕಿದೆ.

"ಅಮ್ಮಾ, ಗಂಡು ಸಿಕ್ಕಿದ."

"ಬಳಿ ಯಾವುದು?" ಅತ್ತೆಯ ಮೊದಲ ಪ್ರಶ್ನೆ.

"ಯಾವುದಾದರೂ ಸರಿ, ನಮ್ಮದಲ್ಲ. ಅದು ಗ್ಯಾರಂಟಿ."

"ಮೀನು ತಿಂತಾನಾ?"

"ಸರೋವರದ ಮೀನು."

"ಸಪ್ಪೆ ಅಲ್ವಾ ಅದು? ಇರಲಿ. ಕುಡಿತ ಉಂಟಾ?"

"ಇತ್ತಂತೆ. ಸತ್ತ ಮೇಲೆ ಬಿಟ್ಟಿದ್ದಾನೆ."

"ವಯಸ್ಸು?"

"ಸ್ವಲ್ಪ ಹೆಚ್ಚೇ. ಅಪ್ಪನಿಗೂ ನಿಮಗೂ ಎಷ್ಟು ಅಂತರ ಇತ್ತು?"

ಅತ್ತೆ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ. "ಭಾಷೆ ಬರದ ಊರಿನಲ್ಲಿ ಅವಳು ಹೇಗೆ ಬಾಳುವುದು?" ಎಂದರು.

ಒಳಗಿಂದ ನನ್ನ ಮಗಳು, "ಅಜ್ಜೀ, ಶೀ ಕ್ಯಾನ್ ಟೀಚ್ ಹಿಮ್ ತುಳು" ಎಂದಳು. ಅಲ್ಲಿಗೆ ಸಂಬಂಧ ಗಟ್ಟಿಯಾಯಿತು.

ಹುಡುಗನ ಅಕ್ಕ ಬರಿಗೈಯಲ್ಲಿ ಕಳಿಸಲಿಲ್ಲ. ಬರಲಿರುವ ಸೊಸೆಗೆಂದು ಹುಡುಗನ ತಾಯಿ ಹೆಣೆದಿಟ್ಟಿದ್ದ ಬಿಳಿ ಲೇಸಿನ ಹೊದಿಕೆಯೊಂದು ಅಷ್ಟೂ ವರ್ಷ ಕಪಾಟಿನಲ್ಲಿತ್ತು. ಅದನ್ನು ಭಾವ ಕೈಚೀಲದಲ್ಲಿಟ್ಟು, ವಿಮಾನ ಪ್ರಯಾಣದುದ್ದಕ್ಕೂ ತೊಡೆಯ ಮೇಲಿಂದ ಇಳಿಸದೆ ತಂದರು. ಅತ್ತೆಯ ವೀಸಾ ಮುಗಿಯುವ ಮೊದಲೇ ಕೆಲಸ ಆಗಲೆಂದು ಮದುವೆ ಸಾಲ್ಮಿಯಾದಲ್ಲೇ ಎಂದು ನಿಶ್ಚಯವಾಯಿತು.

"ಊರು ಬಿಟ್ಟು ಅವಳು ಇಲ್ಲಿಗೆ ಬರ್ತಾಳಾ?" ಎಂದು ನನ್ನ ಗಂಡ ಕೇಳಿದರು.

"ಸತ್ತವರಿಗೆ ಇಲ್ಲಿರಲು ಇಕಾಮಾ ಪರ್ಮಿಟ್ ಬೇಡ, ಹೊಣೆ ಹೊರಲು ಕಫೀಲ್ ಬೇಡ. ನಮ್ಮ ಹಾಗಲ್ಲ" ಎಂದರು ಭಾವ, ತುಸು ಹೊಟ್ಟೆಕಿಚ್ಚಿನಿಂದಲೇ.

ಒಂದು ಮಣೆಯ ಮೇಲೆ ಸೀರೆ, ಬಳೆ, ಮಲ್ಲಿಗೆ, ಮೇಲೆ ಆ ಲೇಸು. ಇನ್ನೊಂದರ ಮೇಲೆ ಹೊಸ ಪಂಚೆ, ಶಲ್ಯ. ಎರಡರ ನಡುವೆ ಅರಿಶಿನದ ನೂಲು. ಊದುಬತ್ತಿಯ ಹೊಗೆ ಮೆಟ್ಟಿಲಿಗೆ ಹರಡಿದ್ದನ್ನು ಕಂಡು ಕಟ್ಟಡದ ಕಾವಲುಗಾರ ಈಜಿಪ್ಟಿನ ಮುದುಕ ಹತ್ತಿ ಬಂದ. ಮದುವೆಯೆಂದು ತಿಳಿದು ಹಲ್ಲುಬಿಟ್ಟು, ವಧು ಎಲ್ಲಿ ಎಂದು ಸನ್ನೆಯಲ್ಲಿ ಕೇಳಿದ. ಭಾವ ಮಣೆ ತೋರಿಸಿದರು. ಅವನು ಮಣೆ ನೋಡಿದ, ಭಾವನ ಮುಖ ನೋಡಿದ, ನನ್ನ ಕೈಯ ಲಾಡಿನ ತಟ್ಟೆ ನೋಡಿದ. "ಮಬ್ರೂಕ್" ಎಂದು ಶುಭ ಕೋರಿ ಎರಡು ಲಾಡು ತೆಗೆದುಕೊಂಡು ಇಳಿದುಹೋದ. ಬುದ್ಧಿವಂತ.

ಮರುದಿನವೇ ಭಾವ ಪಂಚೆ, ಶಲ್ಯ ಪಾರ್ಸೆಲ್ ಮಾಡಿ ಗಂಡಿನ ಅಕ್ಕನಿಗೆ ಕಳಿಸಿದರು. ಆಕೆ ಅದನ್ನು ಅದೇ ಮುಳ್ಳಿನ ಮರಕ್ಕೆ ಕಟ್ಟಿದಳಂತೆ. ಕೆಲವು ವಾರಗಳಾದ ಮೇಲೆ ಶುಐಬಾಕ್ಕೆ ಗೈಡಿನ ಫೋನು ಬಂತು. ಸರೋವರದ ಹಾದಿಯಲ್ಲಿ ಈಗ ನಿಟ್ಟುಸಿರೂ ಇಲ್ಲ, ಹೆಜ್ಜೆಯ ಸದ್ದೂ ಇಲ್ಲ, ಬಸ್ಸಿನವರು ಗೊಣಗುತ್ತಿದ್ದಾರೆ, ನನ್ನ ಕೊನೆಯ ನಿಲ್ದಾಣವೇ ಹೋಯಿತು ಎಂದು ಗೋಳಾಡಿದನಂತೆ.

"ಬೇಜಾರು ಮಾಡಬೇಡ. ಆ ತಲೆಯಿಲ್ಲದವನಿಗೂ ಒಂದು ಸಂಬಂಧ ನೋಡ್ತೇನೆ" ಎಂದು ಭಾವ ಸಮಾಧಾನ ಹೇಳಿದರು. ಆ ಕಡೆಯಿಂದ ಫೋನು ಖಲಾಸ್!

ಭೂತ ನೋಡಲು ಹೋದವರು ಲೋಕದಲ್ಲಿ ಬೇಕಾದಷ್ಟು ಮಂದಿ. ಭೂತಕ್ಕೆ ಹೆಣ್ಣು ಕೊಟ್ಟು ಬಂದವರು ನಮ್ಮ ಭಾವ ಒಬ್ಬರೇ. ಅಹ್ಮದಿಯಿಂದ ಸಾಲ್ಮಿಯಾದವರೆಗೆ ನಮ್ಮವರ ಯಾವ ಮನೆಗೆ ಹೋದರೂ ಈಗ ಅವರಿಗೆ ಕೇಳದೆಯೇ ಎರಡು ತಟ್ಟೆ ಇಡುತ್ತಾರೆ.

ಆ ಶುಕ್ರವಾರದ ಊಟದ ಮಾತು ಬಾಕಿ ಉಳಿಯಿತು. ಕೋಳಿ ಸಾರು, ರೊಟ್ಟಿ, ಕಡಲೆಬೇಳೆ ಪಾಯಸ. ಮೊದಲು ಮದುಮಕ್ಕಳಿಗೆ ಒಂದೇ ಎಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಹೊರಗೆ ನಿಂತೆವು. ಆಮೇಲೆ ನಾವು ಉಂಡೆವು. ಭಾವ ಎರಡು ಸಲ ಪಾಯಸ ಹಾಕಿಸಿಕೊಂಡರು, ತಂಗಿಯ ಮದುವೆಯ ಊಟವಲ್ಲವೇ. ಪಾತ್ರೆ ತೊಳೆದು ಕೈ ಒರೆಸುತ್ತ ನಾನು ಕೋಣೆಗೆ ಇಣುಕಿದಾಗ ಅತ್ತೆ ಆಗಲೇ ಮಲಗಿದ್ದರು. ಅವತ್ತು ಮನೆಯಲ್ಲಿ ಮೊದಲು ನಿದ್ದೆ ಹೋದವರು ಅವರೇ. ಮಂಚದ ನಡುವೆ, ಕೈಕಾಲು ಚಾಚಿ.