ಕಸಾಪಾಕಿಸ್ ಸಾನ್ ಹೆಸರಿನ ಅರ್ಥ

ನಾನು ಹುಟ್ಟು ಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ನಿಮಗೂ ನನಗೂ ಅನುಕೂಲ. ಧೈರ್ಯವಂತರು ಅಪಾಯ ಎದುರಿಗೆ ಬಂದು ನಿಂತ ಮೇಲೆ ಹೆದರುತ್ತಾರಂತೆ. ನಾನು ಅದು ತನ್ನ ಮನೆಯಿಂದ ಹೊರಡುವ ಮೊದಲೇ ಹೆದರಿ ಮುಗಿಸಿರುತ್ತೇನೆ. ಜಪಾನಿಗೆ ಬಂದ ಹೊಸದರಲ್ಲಿ ಭೂಕಂಪಕ್ಕೆ ಹೆದರುತ್ತಿದ್ದೆ. ಆಮೇಲೆ ಕಸ ವಿಂಗಡಿಸುವುದಕ್ಕೆ ಹೆದರತೊಡಗಿದೆ. ಪ್ಲಾಸ್ಟಿಕ್ಕಿನ ದಿನ ತರಕಾರಿ ಸಿಪ್ಪೆ ಹೊರಗಿಟ್ಟರೆ ಕೆಳಮನೆಯ ಅಜ್ಜಿ ಬಯ್ಯುವುದಿಲ್ಲ. ಮುಗುಳ್ನಗುತ್ತಾ ‘ಸುಮಿಮಾಸೆನ್’, ಕ್ಷಮಿಸಿ, ಎಂದು ಚೀಲವನ್ನು ನನ್ನ ಕೈಗೇ ವಾಪಸು ಕೊಡುತ್ತಾರೆ. ಆ ನಗುವಿಗಿಂತ ಭೂಕಂಪವೇ ವಾಸಿ. ಇಷ್ಟಾದರೂ, ಒಬ್ಬ ಮನುಷ್ಯನ ಮನೆತನದ ಹೆಸರಿಗೆ ಹೆದರಿ ಊಟ ಬಿಟ್ಟದ್ದು ಈಚೆಗೆ ಮಾತ್ರ.

ನಮ್ಮ ಕಚೇರಿ ಇರುವುದು ಟೋಕಿಯೋ ಪಕ್ಕದ ಕಾವಾಸಾಕಿಯಲ್ಲಿ. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಸಾಫ್ಟ್‌ವೇರನ್ನು ಪರೀಕ್ಷಿಸುವ ತಂಡ ನಮ್ಮದು. ಹೆಚ್ಚಿನವರು ಬೆಂಗಳೂರು, ಮೈಸೂರು ಕಡೆಯವರು. ಕಳೆದ ಚಳಿಗಾಲದಲ್ಲಿ ಯುರೋಪಿನ ಮುಖ್ಯ ಕಚೇರಿಯಿಂದ ಒಂದು ಸುದ್ದಿ ಬಂತು. ಹೊಸ ನಿರ್ದೇಶಕರು ಬರುತ್ತಾರೆ, ತಂಡದ ‘ಪುನರ್ರಚನೆ’ ಮಾಡುತ್ತಾರೆ, ಅವರ ಹೆಸರು ಕಸಾಪಾಕಿಸ್, ಗ್ರೀಸ್ ದೇಶದವರು. ಪುನರ್ರಚನೆ ಎಂದರೇನೆಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಲ್ಲಿ ಕೆಲಸ ಹೋದರೆ ಅದೊಂದೇ ಹೋಗುವುದಿಲ್ಲ. ಅದರ ಬೆನ್ನಿಗೇ ವೀಸಾ, ಮನೆ, ಮಕ್ಕಳ ಶಾಲೆ ಎಲ್ಲ ಸಾಲಾಗಿ ಹೊರಡುತ್ತವೆ. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಜಗಳ ಆಡುವುದು ಜಪಾನಿಯಲ್ಲಿ. ಅವಳನ್ನು ಬೆಂಗಳೂರಿನ ಯಾವ ಶಾಲೆಗೆ ಸೇರಿಸಲಿ ಎಂಬ ಚಿಂತೆ ನನಗೆ ಅಂದೇ ಶುರುವಾಯಿತು.

ಪಕ್ಕದ ಮೇಜಿನ ಮೊರಿ ಸಾನ್, ಅಂದರೆ ನಮ್ಮ ಮಾತಿನಲ್ಲಿ ಮೊರಿಯವರು, ಮಾತ್ರ ಖುಷಿಯಾಗಿದ್ದರು. ಜಪಾನಿಯಲ್ಲಿ ‘ಕಾಸಾ’ ಎಂದರೆ ಕೊಡೆ. “ಕಾಸಾಪಾಕಿಸು ಸಾನ್! ಕೊಡೆ ಹಿಡ್ಕೊಂಡು ಬರ್ತಾರೇನೋ,” ಎಂದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದವನೇ ಕಂಪ್ಯೂಟರಿನ ಮುಂದೆ ಕೂತು ಆ ಹೆಸರನ್ನು ಹುಡುಕಿದೆ. ಸರ್‌ನೇಮುಗಳ ಮೂಲ, ಅರ್ಥ, ಜನಪ್ರಿಯತೆ ತಿಳಿಸುವ ಜಾಲತಾಣವೊಂದಿತ್ತು. ಜನಪ್ರಿಯತೆ: ತೀರಾ ಅಪರೂಪ. ಕೊನೆಯ ‘ಆಕಿಸ್’ ಕ್ರೀಟ್ ದ್ವೀಪದವರ ಗುರುತು. ಚಿಕ್ಕವನು, ಪುಟ್ಟ ಎಂಬ ಅರ್ಥ ಕೊಡುತ್ತದೆ. ಮೊದಲ ಭಾಗ ಅರಬ್ಬಿಯಿಂದ ತುರ್ಕಿಗೆ, ತುರ್ಕಿಯಿಂದ ಗ್ರೀಕಿಗೆ ಬಂದದ್ದು. ಅರ್ಥ: ಕಟುಕ.

ಅದೇ ಅರಬ್ಬಿ ಮಾತು ಇನ್ನೊಂದು ದಾರಿ ಹಿಡಿದು ನಮ್ಮ ಕಡೆ ಬಂದು ‘ಕಸಾಯಿ’ ಆಗಿರಬೇಕು ಎಂದು ತಕ್ಷಣ ಹೊಳೆಯಿತು. ನಾನು ಕೂತಿದ್ದ ಮನೆ ಇರುವುದು ಟೋಕಿಯೋದ ನಿಶಿ ಕಸಾಯಿಯಲ್ಲಿ. ಜಪಾನಿಯರ ಕಸಾಯಿಗೂ ನಮ್ಮ ಕಸಾಯಿಗೂ ಸಂಬಂಧವಿಲ್ಲ ಎಂದು ಮೈಸೂರಿನ ಅಮ್ಮನನ್ನು ಒಪ್ಪಿಸಲು ಹಿಂದೆ ಬಹಳ ಪಾಡುಪಟ್ಟಿದ್ದೆ. ವಿಳಾಸ ಕೇಳಿದವರೇ ಅವರು, “ಅಷ್ಟು ದೊಡ್ಡ ಊರಲ್ಲಿ ನಿಂಗೆ ಬೇರೆ ಕಡೆ ಮನೆ ಸಿಗ್ಲಿಲ್ವೇನೋ?” ಎಂದು ಫೋನಿನಲ್ಲೇ ಅತ್ತಿದ್ದರು. ಆಗ ನಕ್ಕಿದ್ದ ನನಗೆ ಈಗ ಅಮ್ಮನ ಅಳುವಿನಲ್ಲಿ ಏನೋ ಮುನ್ಸೂಚನೆ ಕಂಡಿತು. ಹೆಂಡತಿ ವೀಣಾ ಪರದೆಯತ್ತ ಬಗ್ಗಿ ನೋಡಿದಳು.

“ಅವರ ತಾತ ಏನೋ ಕೆಲಸ ಮಾಡ್ತಿದ್ರು, ಅದಕ್ಕೆ ಹೆಸರು ಬಂದಿದೆ. ನಿಮಗ್ಯಾಕ್ರೀ ಬೆವರು?”

“ಪುಟ್ಟ ಕಟುಕ ಅಂತ ಇದೆ ಕಣೇ.”

“ಪುಟ್ಟವರು ತಾನೇ? ಊಟಕ್ಕೆ ಬನ್ನಿ.”

ನನಗೆ ಅನ್ನ ಇಳಿಯಲಿಲ್ಲ. ಮರುದಿನ ಟೋಜಾಯ್ ಲೈನಿನ ರೈಲಿನಲ್ಲಿ ಸತೀಶನಿಗೆ ವಿಷಯ ಹೇಳಿದೆ. ಸತೀಶ ನನ್ನದೇ ತಂಡದವನು, ನಮ್ಮ ಬೀದಿಯವನು, ದಿನಾ ಜೊತೆಗೆ ಪ್ರಯಾಣ ಮಾಡುವವನು. ವಿದೇಶಿಯರಿಗೆ ಮನೆ ಕೊಡುವುದಿಲ್ಲ ಎಂದು ಎಷ್ಟೋ ಮಾಲೀಕರಿಂದ ಹೇಳಿಸಿಕೊಂಡು, ಕಡೆಗೂ ಆಗಷ್ಟೇ ಒಳ್ಳೆಯ ಮನೆ ಹಿಡಿದಿದ್ದ. ಹೆಂಡತಿಗೂ ಹತ್ತಿರದಲ್ಲೇ ಕೆಲಸ ಸಿಕ್ಕಿತ್ತು. ಅವನು ಕೇಳಿ ಬಿಳುಚಿಕೊಂಡ. ನಾವು ಕಾವಾಸಾಕಿಯಲ್ಲಿ ಇಳಿಯುವ ಹೊತ್ತಿಗೆ ಇಡೀ ತಂಡಕ್ಕೆ ಹೆಸರಿನ ಅರ್ಥ ಮೊಬೈಲಿನಲ್ಲಿ ತಲುಪಿತ್ತು. ಭಯ ಹಂಚಿಕೊಂಡರೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಹಂಚಿದವರೆಲ್ಲರ ಹತ್ತಿರವೂ ಅದು ಪೂರ್ತಿಯಾಗಿಯೇ ಇತ್ತು.

ಅವರು ಬಂದರು. ನಿಜಕ್ಕೂ ಗಿಡ್ಡ ಆಳು, ನರೆತ ಮೀಸೆ, ದಪ್ಪ ಕೈ. ಎಲ್ಲರಿಗೂ ಬಗ್ಗಿ ನಮಸ್ಕರಿಸಿ ಕೋಣೆ ಸೇರಿದವರು ಮೊದಲು ಕರೆಸಿದ್ದು ನನ್ನನ್ನೇ, ತಂಡದ ಹಿರಿಯ ಎಂದು. ಬಾಗಿಲು ಮುಚ್ಚಿಕೊಂಡಿತು. ಹೆದರಿಕೆಯಲ್ಲಿ ಮನುಷ್ಯ ಸುಮ್ಮನಿರುತ್ತಾನೆ ಎನ್ನುತ್ತಾರೆ, ನನಗೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. “ಸರ್, ನಿಮ್ಮ ಹೆಸರಿನ ಅರ್ಥ ನಿಜವಾಗ್ಲೂ ಅದೇನಾ?” ಎಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ.

ಅವರು ನಿಟ್ಟುಸಿರುಬಿಟ್ಟು, “ಹೌದು. ಮುತ್ತಜ್ಜನದು ಹಳ್ಳಿಗೊಂದೇ ಮಾಂಸದ ಅಂಗಡಿ. ನಮ್ಮ ಮನೆತನ ಬಿಟ್ಟರೆ ಈ ಹೆಸರು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಕಂಪನಿಯಲ್ಲಿ ಎಲ್ಲಾದರೂ ಕೆಟ್ಟ ಸುದ್ದಿ ಹೇಳುವುದಿದ್ದರೆ ತಮಾಷೆಗೆಂದು ನನ್ನನ್ನೇ ಕಳಿಸುತ್ತಾರೆ. ಕಳಿಸಿದಾಗೆಲ್ಲ ನನಗೆ ಹೊಟ್ಟೆ ಕೆಡುತ್ತದೆ,” ಎಂದರು. ನನಗಿಂತ ದೊಡ್ಡ ಪುಕ್ಕಲನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ವಿಷಯ ಇಷ್ಟು: ಯಾರ ಕೆಲಸವೂ ಹೋಗುವುದಿಲ್ಲ. ಆದರೆ ವಸಂತಕ್ಕೆ ತಂಡವೆಲ್ಲ ದೂರದ ಒಸಾಕಾಕ್ಕೆ ಹೋಗಬೇಕು. ಇಲ್ಲಿ ಉಳಿಯುವ ಕೆಲಸ ನೋಡಿಕೊಳ್ಳಲು ಒಬ್ಬನು ಸಾಕು, ಅವನು ನಾನು. ನನ್ನ ಎದೆಯೊಳಗೆ ತಂಗಾಳಿ ಬೀಸಿತು. ಅಷ್ಟರಲ್ಲಿ ಅವರು ಕೇಳಿದರು, “ನಿಮ್ಮ ಹೆಸರಿನ ಅರ್ಥವೇನು?”

“ದಯಾನಂದ. ದಯೆಯಲ್ಲಿ ಆನಂದ ಕಾಣುವವನು.”

ಅವರ ಮುಖ ಅರಳಿತು. “ಒಳ್ಳೆಯದಾಯಿತು. ಹಾಗಾದರೆ ಅವರಿಗೆ ನೀವೇ ಹೇಳಿ.”

ಬೇಡ ಎನ್ನಬಹುದಿತ್ತು. ಬೇಡ ಎಂದರೆ ಉಳಿಯುವ ಒಬ್ಬ ಬದಲಾಗಬಹುದು ಎಂಬ ಭಯ ಹುಟ್ಟಿತು, ‘ಆಗಲಿ ಸರ್’ ಎಂದೆ. ಊಟದ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. ಕೆಲಸ ಉಳಿಯಿತೆಂದು ಕೆಲವರು ದೇವರಿಗೆ ಕೈಮುಗಿದರು. ಸತೀಶ ಮಾತ್ರ ತುತ್ತನ್ನು ಡಬ್ಬಿಯಲ್ಲೇ ಬಿಟ್ಟು ಕೇಳಿದ.

“ನೀನೂ ಬರ್ತಿದೀಯ ತಾನೇ, ದಯಾ?”

“ಇಲ್ವೋ. ನನ್ನನ್ನ ಇಲ್ಲೇ ಇರು ಅಂದ್ರು.”

“ಓ. ಸರಿ ಬಿಡು.” ಅವನು ಡಬ್ಬಿ ಮುಚ್ಚಿದ. “ನನ್ ಹೆಂಡ್ತಿ ಮೊನ್ನೆ ತಾನೆ ಕೆಲ್ಸಕ್ಕೆ ಸೇರಿದ್ದು. ಅವಳಿಗೂ ನೀನೇ ಹೇಳ್ತೀಯಾ?”

ಅವನು ತಮಾಷೆ ಮಾಡಿದನೋ ಇಲ್ಲವೋ ನನಗೆ ತಿಳಿಯಲಿಲ್ಲ. ಮರುದಿನದಿಂದ ಅವನು ರೈಲಿನ ಬೇರೆ ಬೋಗಿ ಹತ್ತತೊಡಗಿದ. ತಂಡದವರು ಒಸಾಕಾಕ್ಕೆ ಹೊರಡುವ ಮುನ್ನ ಕಸಾಪಾಕಿಸ್ ಸಾನ್‌ಗೆ ಒಂದು ಭರ್ಜರಿ ಊಟ ಹಾಕಿಸಿದರು, ಕೆಲಸ ಉಳಿಸಿದ ಪುಣ್ಯಾತ್ಮ ಎಂದು. ನನ್ನನ್ನು ಕರೆಯಲು ಯಾರಿಗೋ ಮರೆತುಹೋಯಿತಂತೆ. ನಿಲ್ದಾಣದಲ್ಲಿ ಸತೀಶನನ್ನು ಬೀಳ್ಕೊಡಲು ನಾನು ಹೋದೆ. ಅವನು ಕೈ ಕುಲುಕಿ, “ಹುಷಾರಾಗಿರಪ್ಪ,” ಎಂದ. ಅವನ ಹೆಂಡತಿ ಮಗುವಿನ ಟೋಪಿ ಸರಿಮಾಡುತ್ತಾ ನನ್ನ ಕಡೆ ನೋಡಲೇ ಇಲ್ಲ. ಅಂದು ಮನೆಗೆ ನಡೆದೇ ಬಂದೆ.

ಕಳೆದ ಭಾನುವಾರ ನಿಶಿ ಕಸಾಯಿಯ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಹಿಡಿದು ಸರದಿಯಲ್ಲಿ ನಿಂತಿದ್ದೆ. ಮುಂದೆ ಕನ್ನಡ ಮಾತಾಡುತ್ತಿದ್ದ ಅಪರಿಚಿತ ದಂಪತಿ. ಪರಿಚಯವಿರಲಿ ಎಂದು ಹೆಸರು ಹೇಳಿದೆ. ಆಕೆ ಗಂಡನ ತೋಳು ಹಿಡಿದುಕೊಂಡು, “ಓ, ಎಲ್ಲರನ್ನೂ ಒಸಾಕಾಕ್ಕೆ ಕಳಿಸಿದ ಕಾವಾಸಾಕಿ ಆಫೀಸಿನ ದಯಾನಂದ ಅಂದ್ರೆ ನೀವೇನಾ?” ಎಂದು ಕೇಳಿದರು. ಆಮೇಲೆ ಇಬ್ಬರೂ ತಮ್ಮ ಬುಟ್ಟಿಯ ಸಮೇತ ಪಕ್ಕಕ್ಕೆ ಸರಿದು, ನನಗೆ ಮುಂದೆ ಹೋಗಲು ದಾರಿ ಬಿಟ್ಟರು. ಇಲ್ಲ, ನೀವೇ ಹೋಗಿ ಎನ್ನಬೇಕಾಗಿತ್ತು. ನಾನು ಹೋದೆ. ಮನುಷ್ಯರನ್ನು ಹೆದರಿಸುವುದು ಇಷ್ಟು ಸಲೀಸು ಎಂದು ತಿಳಿದು ಗಾಬರಿಯಾಯಿತು. ಅದಕ್ಕಿಂತ ಗಾಬರಿಯ ಸಂಗತಿಯನ್ನು ನಿಮ್ಮೊಬ್ಬರಿಗೇ ಹೇಳುತ್ತೇನೆ, ವೀಣಾಗೆ ತಿಳಿಯುವುದು ಬೇಡ: ಹಾಗೆ ದಾರಿ ಬಿಟ್ಟದ್ದು ನನಗೆ ಸ್ವಲ್ಪ ಹಿತವಾಗಿಯೇ ಇತ್ತು.